ಧರ್ಮಗುರುಗಳಿಗೆ ಊರಿನ ಉಸಾಬರಿ ಏಕೆ?



ಚುನಾವಣೆ ಹತ್ತಿರವಾದಾಗ ಅಭ್ಯರ್ಥಿಗಳು ಮಠಕ್ಕೆ ಹೋಗುತ್ತಾರೆ, ದರ್ಗಾಕ್ಕೆ ಬರುತ್ತಾರೆ, ಚರ್ಚಿನ ಮೆಟ್ಟಿಲನ್ನೂ ಹತ್ತುತ್ತಾರೆ. ಆಗ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಅದೇ ಪಾದ್ರಿಯೋ ಮೌಲವಿಯೋ ಸ್ವಾಮೀಜಿಯೋ ಬಡವರ ಸೂರಿನ ಬಗ್ಗೆ, ಜೈಲಿನಲ್ಲಿ ಕೊಳೆಯುತ್ತಿರುವ ನಿರಪರಾಧಿಯ ಬಗ್ಗೆ ಬಾಯಿ ತೆರೆದರೆ, "ಇವರಿಗೇಕೆ ಊರಿನ ಉಸಾಬರಿ? ಪ್ರಾರ್ಥನೆ ಮಾಡಿಕೊಂಡು ಇರಬಾರದೇ?" ಎಂಬ ಮಾತು ಕೇಳಿಬರುತ್ತದೆ. ನಮ್ಮ ಮನೆಗಳಲ್ಲಿಯೂ ಈ ಮಾತು ಇದೆ. ಇದು ಸರಿಯೇ ಎಂದು ನಾವು ಯೋಚಿಸಬೇಕು.

ಪ್ರವಾದಿ ಮುಹಮ್ಮದ್(ಸ)ರ ಯೌವನ ಕಾಲದ ಒಂದು ಘಟನೆ ನಿಮಗೆ ತಿಳಿದಿರಬಹುದು. ಯಮನಿನ ಒಬ್ಬ ವ್ಯಾಪಾರಿ ಮಕ್ಕಾಕ್ಕೆ ಸರಕು ತಂದ. ಅದನ್ನು ಕೊಂಡ ಪ್ರಭಾವಿ ವ್ಯಕ್ತಿ ಹಣ ಕೊಡಲಿಲ್ಲ. ಪರದೇಶಿಯ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ. ಆಗ ಕೆಲವರು ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ, ಅವನ ಹಕ್ಕು ಸಿಗುವವರೆಗೆ ಜೊತೆಗಿರುತ್ತೇವೆಂದು ಪ್ರತಿಜ್ಞೆ ಮಾಡಿದರು. ಇದನ್ನೇ 'ಹಿಲ್ಫುಲ್ ಫುದೂಲ್' ಎನ್ನುತ್ತಾರೆ. ಪ್ರವಾದಿ(ಸ)ರು ಅದರಲ್ಲಿ ಭಾಗವಹಿಸಿದ್ದರು. ಮುಂದೆ ಪ್ರವಾದಿತ್ವ ದೊರೆತ ಮೇಲೂ, ಅಂತಹ ಒಪ್ಪಂದಕ್ಕೆ ಈಗ ಕರೆದರೂ ಹೋಗುತ್ತೇನೆಂದು ಹೇಳಿದರು. ಆ ಸಭೆಯಲ್ಲಿದ್ದವರು ಮುಸ್ಲಿಮರಾಗಿರಲಿಲ್ಲ ಎಂಬುದನ್ನು ಗಮನಿಸಿರಿ.

ಕ್ರೈಸ್ತ ಪಾದ್ರಿ ಸ್ಟ್ಯಾನ್ ಸ್ವಾಮಿಯವರ ಬದುಕನ್ನು ಈ ಹಿನ್ನೆಲೆಯಲ್ಲಿ ನೋಡಬಹುದು. ಅವರು 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ನಂತರ ಜಾರ್ಖಂಡಿಗೆ ಹೋಗಿ, ಭೂಮಿ ಕಳೆದುಕೊಳ್ಳುತ್ತಿದ್ದ ಆದಿವಾಸಿಗಳ ಪರವಾಗಿ, ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದ ಯುವಕರ ಪರವಾಗಿ ದುಡಿದರು. 2020ರ ಅಕ್ಟೋಬರ್ 8ರಂದು, 83ರ ವಯಸ್ಸಿನಲ್ಲಿ, ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಅವರ ಬಂಧನವಾಯಿತು. ಆರೋಪಗಳನ್ನು ಅವರು ನಿರಾಕರಿಸಿದ್ದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಕಾರಣ ನೀರು ಕುಡಿಯಲು ಒಂದು ಸ್ಟ್ರಾ ಬೇಕೆಂದು ನ್ಯಾಯಾಲಯದ ಮೊರೆ ಹೋಗಬೇಕಾಯಿತು. ವಿಚಾರಣೆ ಆರಂಭವಾಗುವ ಮೊದಲೇ, 2021ರ ಜುಲೈ 5ರಂದು ಅವರು ಮುಂಬೈಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅವರು ದುಡಿದದ್ದು ತಮ್ಮ ಚರ್ಚಿನ ಸದಸ್ಯರಿಗಾಗಿ ಮಾತ್ರವಲ್ಲ. ಕ್ರೈಸ್ತರಲ್ಲಿ ಅಹಂಕಾರವಿಲ್ಲದ ಪಾದ್ರಿಗಳೂ ಸನ್ಯಾಸಿಗಳೂ ಇದ್ದಾರೆಂದು ಕುರ್‌ಆನ್ ಸೂರಃ ಮಾಇದಾದ 82ನೇ ವಚನದಲ್ಲಿ ಹೇಳಿರುವುದು ಇಲ್ಲಿ ನೆನಪಾಗುತ್ತದೆ.

ನಮ್ಮ ವಿಜಯಪುರ ಜಿಲ್ಲೆಗೇ ಬರೋಣ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿದರು. ಎಲ್ಲಾ ಪಕ್ಷದ ನಾಯಕರೂ ಅವರನ್ನು ಕಾಣಲು ಬರುತ್ತಿದ್ದರು, ಅವರು ಮಾತ್ರ ಪಕ್ಷ ರಾಜಕೀಯದಿಂದ ದೂರವೇ ಉಳಿದರು. ಅವರ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ವಿನಯದಿಂದಲೇ ಬೇಡವೆಂದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಲಕ್ಷಾಂತರ ಜನ ಸೇರಿದರು. ತಮಗೆ ಸ್ಮಾರಕ ಕಟ್ಟಬಾರದೆಂದು ಅವರು ಮೊದಲೇ ಬರೆದಿಟ್ಟಿದ್ದರು. ಏನನ್ನೂ ಬೇಡದವನ ಮಾತಿಗೆ ಊರಿನಲ್ಲಿ ತೂಕವಿರುತ್ತದೆ. ಮತ ಕೊಡಿಸುತ್ತೇನೆಂದು ಹೊರಟ ಧರ್ಮಗುರು, ಅವನು ಯಾವ ಧರ್ಮದವನೇ ಆಗಲಿ, ಮರುದಿನ ಅಧಿಕಾರದಲ್ಲಿರುವವನಿಗೆ ನ್ಯಾಯ ಹೇಳಲಾರ.

ಇನ್ನು ನಮ್ಮನ್ನೇ ಪರೀಕ್ಷೆಗೆ ಒಡ್ಡಿದ ವಿಷಯ. 2024ರ ಅಕ್ಟೋಬರಿನಲ್ಲಿ ಅದೇ ತಿಕೋಟಾ ತಾಲ್ಲೂಕಿನ ಹೊನವಾಡದಲ್ಲಿ, ಸುಮಾರು 1,200 ಎಕರೆ ಜಮೀನು ವಕ್ಫ್ ಪಾಲಾಗುತ್ತದೆಂದು ರೈತರು ಗಾಬರಿಗೊಂಡರು. ಆಗ ಜಿಲ್ಲಾ ಉಸ್ತುವಾರಿ ಸಚಿವರೂ ಬಬಲೇಶ್ವರದ ಶಾಸಕರೂ ಆಗಿದ್ದ ಎಂ.ಬಿ. ಪಾಟೀಲರು ವಿವರಣೆ ಕೊಟ್ಟರು. ವಿಜಯಪುರದ ಮಹಲ್ ಬಾಗಾಯತಕ್ಕೆ ಸೇರಿದ ವಿವರದ ಜೊತೆ 1974ರ ಗೆಜೆಟಿನಲ್ಲಿ ಹೊನವಾಡದ ಹೆಸರು ತಪ್ಪಾಗಿ ಸೇರಿತ್ತು, 1977ರಲ್ಲಿ ತಿದ್ದುಪಡಿಯಾಗಿದೆ, ಹೊನವಾಡದಲ್ಲಿರುವ ವಕ್ಫ್ ಆಸ್ತಿ ಖಬರಸ್ತಾನ ಮೊದಲಾದವು ಸೇರಿ 11 ಎಕರೆ ಮಾತ್ರ ಎಂದರು. ನವೆಂಬರಿನಲ್ಲಿ ರೈತರಿಗೆ ಕೊಟ್ಟ ನೋಟಿಸುಗಳನ್ನು ಹಿಂಪಡೆಯಲು ಮುಖ್ಯಮಂತ್ರಿಗಳು ಆದೇಶಿಸಿದರು. ಅಷ್ಟರಲ್ಲಿ ವಿಷಯ ರಾಜ್ಯವನ್ನೆಲ್ಲ ಸುತ್ತಿತ್ತು. ರೈತನಿಗೂ ಮುಸ್ಲಿಮನಿಗೂ ಜಗಳ ಎಂಬಂತೆ ಅದನ್ನು ಬಿಂಬಿಸಿದ್ದರು.

ಇಂತಹ ಗಳಿಗೆಯಲ್ಲಿ ಮೌಲವಿಗಳಿಗೆ ಊರಿನ ಉಸಾಬರಿ ಬೇಕೇ ಬೇಕು. ಇನ್ನೊಬ್ಬರ ಒಂದು ಗೇಣು ಭೂಮಿಯನ್ನು ಅನ್ಯಾಯವಾಗಿ ಕಬಳಿಸಿದವನ ಕೊರಳಿಗೆ ಏಳು ಭೂಮಿಗಳ ಭಾರ ಬೀಳುವುದೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಈ ಮಾತನ್ನು ಮಿಂಬರಿನ ಮೇಲೆ ಹೇಳಿದರೆ ಸಾಲದು, ರೈತನ ಕಟ್ಟೆಯ ಮೇಲೆ ಕುಳಿತೂ ಹೇಳಬೇಕು. "ನಿನ್ನ ಹೊಲ ನಿನ್ನದೇ. ನಮ್ಮ ಖಬರಸ್ತಾನದ ಕಾಗದವನ್ನೂ ನೋಡು, ಅದನ್ನೂ ಉಳಿಸಿಕೊಡು" ಎನ್ನಬೇಕು. ವಕ್ಫ್ ಆಸ್ತಿ ಅಲ್ಲಾಹನ ಅಮಾನತು. ಅದನ್ನು ಕಬಳಿಸಿದವರಲ್ಲಿ ನಮ್ಮವರೂ ಇದ್ದಾರೆ. ಅವರ ಹೆಸರು ಹೇಳುವ ಧೈರ್ಯವೂ ಬೇಕು. ನಮ್ಮ ವಿರುದ್ಧವೇ, ನಮ್ಮ ತಂದೆತಾಯಿಯರ ವಿರುದ್ಧವೇ ಆದರೂ ನ್ಯಾಯದ ಪರ ನಿಲ್ಲಬೇಕೆಂಬುದು ಸೂರಃ ನಿಸಾದ 135ನೇ ವಚನದ ಆಜ್ಞೆ.

ಸಹೋದರಿಯರೇ, ನಾವು ಮನೆಯೊಳಗಿರುವವರು, ನಮಗೇನು ಸಾಧ್ಯ ಎನ್ನಬೇಡಿರಿ. ಊರಿನ ವಕ್ಫ್ ಆಸ್ತಿಯ ಸರ್ವೇ ನಂಬರು, ಎಕರೆ ಗುಂಟೆಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಮಸೀದಿಯ ಬಳಿ ಹಾಕಿಸಲು ನಿಮ್ಮ ಮನೆಯ ಗಂಡಸರಿಗೆ ಹೇಳಿರಿ. ಬಾಡಿಗೆ ಎಷ್ಟು ಬರುತ್ತದೆ, ಯಾವ ವಿಧವೆಗೆ, ಯಾವ ವಿದ್ಯಾರ್ಥಿಗೆ ಖರ್ಚಾಯಿತು ಎಂದು ಲೆಕ್ಕ ಕೇಳಿಸಿರಿ. ನೆರೆಮನೆಯವರ ಪಹಣಿಯ 11ನೇ ಕಾಲಮ್ಮಿನಲ್ಲಿ ಏನೋ ಬರೆದಿದೆಯೆಂದು ಅವರು ಕಂಗಾಲಾಗಿದ್ದರೆ, ಅಡುಗೆ ಮನೆಯ ಬಾಗಿಲಲ್ಲಿ ನಿಂತು, "ಅಕ್ಕಾ, ಚಿಂತಿ ಮಾಡಬ್ಯಾಡ್ರಿ, ನಾವೂ ಬರ್ತೀವಿ, ಕೂಡೇ ತಹಶೀಲ್ದಾರರನ್ನ ಕೇಳೋಣ" ಎನ್ನಿರಿ. ಮೊದಲು ಅವರನ್ನು ತಲುಪುವ ಮಾತು ನಮ್ಮದಾಗಿರಲಿ. ಸುಳ್ಳುಸುದ್ದಿ ಆಮೇಲೆ ಬಂದರೂ ಅಲ್ಲಿ ಅದಕ್ಕೆ ಜಾಗವಿರುವುದಿಲ್ಲ.

ಅನ್ಯಾಯಕ್ಕೊಳಗಾದವರ ಜೊತೆ, ಅವರು ಯಾರೇ ಆಗಿರಲಿ, ನಿಲ್ಲುವ ಧೈರ್ಯವನ್ನು ಅಲ್ಲಾಹನು ನಮಗೂ ನಮ್ಮ ಧರ್ಮಗುರುಗಳಿಗೂ ದಯಪಾಲಿಸಲಿ. ಆಮೀನ್.