ಪುಲ್ಲಿ ಸಣ್ಣದು, ಪ್ರಶ್ನೆ ದೊಡ್ಡದು
ಕಾರಿಗೆ ಪವರ್ ಏರಿಸುವ ಮೊದಲು ಗಡಿನಾಡಿನವರು ಯೋಚಿಸಬೇಕಾದ್ದು

ಕಾಸರಗೋಡು: ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಒಂದು ಪುಲ್ಲಿ. ಹಳೆಯದನ್ನು ತೆಗೆದು ಸ್ವಲ್ಪ ಸಣ್ಣದನ್ನು ಕೂರಿಸಿದರೆ ಕಾರಿನ ಓಟವೇ ಬೇರೆ. ವಿದೇಶಗಳಲ್ಲಿ ಸಣ್ಣ ಸ್ಪೋರ್ಟ್ಸ್ ಕಾರುಗಳ ಮಾಲೀಕರು ಇಪ್ಪತ್ತು ವರ್ಷಗಳಿಂದ ಮಾಡುತ್ತಾ ಬಂದ ಈ ಕೆಲಸ ಈಗ ಮೊಬೈಲ್ ವಿಡಿಯೋಗಳಲ್ಲಿ, ಗಲ್ಫ್‌ನಿಂದ ರಜೆಗೆ ಬರುವ ಹುಡುಗರ ಮಾತಿನಲ್ಲಿ ಇಲ್ಲಿನ ಮನೆಗಳಿಗೂ ಬಂದು ಮುಟ್ಟಿದೆ. ‘ಒಂದು ಪುಲ್ಲಿ ಬದಲಿಸಿದ್ರೆ ಎಂತ ಆಗ್ತದೆ?’ ಎಂದು ಕೇಳುವವರು ಉತ್ತರವನ್ನು ಎರಡು ಕಡೆ ಹುಡುಕಬೇಕು: ಒಂದು ಬಾನೆಟ್‌ನ ಕೆಳಗೆ, ಇನ್ನೊಂದು ಆರ್‌ಸಿಯಲ್ಲಿ.

ಬೆಲ್ಟಿನ ಲೆಕ್ಕ

ಈ ಪುಲ್ಲಿಗೆ ಹೆಸರು ತಂದದ್ದು ಮಿನಿ ಕೂಪರ್ ಎಸ್. ಬಿಎಂಡಬ್ಲ್ಯು ಸಂಸ್ಥೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ತಯಾರಿಸಿದ ಈ ಕಾರಿನ 2002ರಿಂದ 2006ರವರೆಗಿನ ಮಾದರಿಯಲ್ಲಿ 1.6 ಲೀಟರ್ ಎಂಜಿನ್ ಮತ್ತು ಈಟನ್ ಎಂ45 ಸೂಪರ್‌ಚಾರ್ಜರ್ ಇತ್ತು. ಆರಂಭದಲ್ಲಿ ಶಕ್ತಿ 163 ಅಶ್ವಶಕ್ತಿ. ಸೂಪರ್‌ಚಾರ್ಜರ್ ಎಂದರೆ ಎಂಜಿನ್ನಿಗೆ ಗಾಳಿ ತುಂಬುವ ಪಂಪು. ಕ್ರ್ಯಾಂಕ್ ಶಾಫ್ಟಿನಿಂದ ಬೆಲ್ಟ್ ಮೂಲಕ ಅದು ತಿರುಗುತ್ತದೆ. ಪುಲ್ಲಿ ಸಣ್ಣದಾದಷ್ಟೂ ಪಂಪು ಜೋರಾಗಿ ತಿರುಗಿ ಹೆಚ್ಚು ಗಾಳಿ ತಳ್ಳುತ್ತದೆ. ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲ್ ಸೇರಿದರೆ ಹೆಚ್ಚು ಶಕ್ತಿ.

ಮಾರುಕಟ್ಟೆಯಲ್ಲಿ ಶೇ. 15, 17, 19ರಷ್ಟು ಸಣ್ಣದಾದ ಪುಲ್ಲಿಗಳು ಬಂದವು. ಲೆಕ್ಕ ತಪ್ಪುವುದು ಇಲ್ಲೇ. ಪುಲ್ಲಿ ಶೇ. 15ರಷ್ಟು ಸಣ್ಣದಾದರೆ ವೇಗ ಏರುವುದು ಶೇ. 15 ಅಲ್ಲ, ಸುಮಾರು 17.6. ಶೇ. 19ರ ಪುಲ್ಲಿಗೆ ಅದು 23 ದಾಟುತ್ತದೆ. ನಿಮಿಷಕ್ಕೆ 12,000 ಸುತ್ತು ತಿರುಗುತ್ತಿದ್ದ ಪಂಪು ಶೇ. 15ರ ಪುಲ್ಲಿಯಲ್ಲಿ 14,100 ಸುತ್ತು ತಿರುಗಬೇಕು.

ಹಾಗೆಂದು ಶಕ್ತಿಯೂ ಅಷ್ಟೇ ಏರುವುದಿಲ್ಲ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಬಿಸಿ ಗಾಳಿ ತೆಳುವಾಗುತ್ತದೆ. ಪಂಪನ್ನು ತಿರುಗಿಸಲು ಎಂಜಿನ್ನೇ ಹೆಚ್ಚು ಶಕ್ತಿ ಕೊಡಬೇಕಾಗುತ್ತದೆ. ಶಾಖ ಮಿತಿ ಮೀರಿದರೆ ಸಿಲಿಂಡರಿನೊಳಗೆ ಇಂಧನ ಅಕಾಲದಲ್ಲಿ ಸಿಡಿದು ‘ನಾಕಿಂಗ್’ ಶುರುವಾಗುತ್ತದೆ. ಆಗ ಕಾರಿನ ಕಂಪ್ಯೂಟರ್ ಕಿಡಿಯ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ, ಏರಿದ ಶಕ್ತಿ ಇಳಿಯುತ್ತದೆ. ಆಕ್ಸ್‌ಫರ್ಡ್‌ನ ಚಳಿಯಲ್ಲಿ ಸಲೀಸಾಗಿ ಓಡಿದ ಸೆಟ್ಟಿಂಗು ಏಪ್ರಿಲ್ ತಿಂಗಳ ಕಾಸರಗೋಡಿನ ಸೆಕೆಯಲ್ಲಿ ಅಷ್ಟೇ ಸಲೀಸು ಎನ್ನುವಂತಿಲ್ಲ.

ಪುಲ್ಲಿ ಬದಲಿಸುವುದೂ ಸ್ಪ್ಯಾನರ್ ಹಿಡಿದವರೆಲ್ಲ ಮಾಡುವ ಕೆಲಸವಲ್ಲ. ಹಳೆಯದು ಶಾಫ್ಟಿಗೆ ಒತ್ತಿ ಕೂರಿಸಿದ್ದು. ಎಳೆದು ತೆಗೆಯಲು ತಕ್ಕ ಪುಲ್ಲರ್ ಬೇಕು. ಸುತ್ತಿಗೆ ಬಡಿದರೆ ಬೇರಿಂಗಿಗೆ ಪೆಟ್ಟು. ಬೆಲ್ಟ್ ಗಿಡ್ಡದ್ದು ಹಾಕಬೇಕು, ಹೆಚ್ಚು ಶಾಖ ತಡೆಯುವ ಸ್ಪಾರ್ಕ್ ಪ್ಲಗ್ ಬೇಕು. ಈ ಎಂಜಿನ್ನಿನಲ್ಲಿ ನೀರಿನ ಪಂಪು ತಿರುಗುವುದೂ ಸೂಪರ್‌ಚಾರ್ಜರ್‌ನಿಂದಲೇ. ಅದರ ಗೇರಿನ ಎಣ್ಣೆ ಬತ್ತಿದ ಹಳೆಯ ಕಾರಿಗೆ ಸಣ್ಣ ಪುಲ್ಲಿ ಹಾಕಿದರೆ ಪವರ್‌ಗಿಂತ ಮೊದಲು ರಿಪೇರಿ ಬಿಲ್ಲು ಬರುತ್ತದೆ.

ಗಮನಿಸಬೇಕಾದ ಮಾತೊಂದಿದೆ. ಇದೇ ಕಾರಿಗೆ ‘ಜಾನ್ ಕೂಪರ್ ವರ್ಕ್ಸ್’ ಕಿಟ್ ಬಂದಾಗ ಶಕ್ತಿ 200 ಅಶ್ವಶಕ್ತಿಗೆ ಏರಿತು. ಆದರೆ ಅದರಲ್ಲಿ ಸೂಪರ್‌ಚಾರ್ಜರ್ ಒಂದನ್ನೇ ಮುಟ್ಟಿರಲಿಲ್ಲ. ಸಿಲಿಂಡರ್ ಹೆಡ್, ಸೈಲೆನ್ಸರ್, ಕಂಪ್ಯೂಟರ್ ಸೆಟ್ಟಿಂಗ್ ಎಲ್ಲವೂ ಬದಲಾಗಿದ್ದವು. ಕಾರು ಮಾಡಿದವರೇ ಪುಲ್ಲಿ ಒಂದನ್ನೇ ನಂಬಲಿಲ್ಲ.

ನಮ್ಮಲ್ಲಿ ಹೇಗೆ?

ಮಿನಿ ಭಾರತದ ಮಾರುಕಟ್ಟೆಗೆ ಬಂದದ್ದು 2012ರಲ್ಲಿ. ಅಷ್ಟರಲ್ಲಿ ಕೂಪರ್ ಎಸ್‌ಗೆ ಸೂಪರ್‌ಚಾರ್ಜರ್ ಹೋಗಿ ಟರ್ಬೊ ಬಂದಿತ್ತು. ಟರ್ಬೊ ತಿರುಗುವುದು ಹೊಗೆಯ ಒತ್ತಡದಿಂದ, ಅದಕ್ಕೆ ಬೆಲ್ಟ್ ಇಲ್ಲ, ಪುಲ್ಲಿಯೂ ಇಲ್ಲ. ಹಾಗಾಗಿ ಇಲ್ಲಿ ಪುಲ್ಲಿಯ ಜಾಗದಲ್ಲಿ ನಡೆಯುವುದು ‘ರೀಮ್ಯಾಪ್’, ಅಂದರೆ ಕಂಪ್ಯೂಟರ್ ಸೆಟ್ಟಿಂಗ್ ತಿದ್ದಿ ಗಾಳಿಯ ಒತ್ತಡ ಏರಿಸುವುದು. ದಾರಿ ಬೇರೆಯಾದರೂ ಶಾಖದ ಪ್ರಶ್ನೆ ಅದೇ, ಕಾನೂನಿನ ಪ್ರಶ್ನೆಯೂ ಅದೇ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿಯಿತು. ರಾಜ್ಯದ ನಿಯಮಗಳು ಏನೇ ಇರಲಿ, ಅವು ಕೇಂದ್ರ ಕಾಯ್ದೆಗೆ ಅಧೀನ ಎಂದು ಹೇಳಿತು. ಅದೇ ವರ್ಷದ ತಿದ್ದುಪಡಿ ಪ್ರತಿಯೊಂದು ಅನಧಿಕೃತ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡನ್ನೂ ಸೇರಿಸಿತು. 2021ರ ಆಗಸ್ಟ್‌ನಲ್ಲಿ ಪಕ್ಕದ ಕಣ್ಣೂರಿನಲ್ಲಿ ಮಾರ್ಪಡಿಸಿದ ಪ್ರವಾಸಿ ವ್ಯಾನೊಂದನ್ನು ವಶಪಡಿಸಿಕೊಂಡಾಗ ಆರ್‌ಟಿಒ ಕಚೇರಿಯಲ್ಲಿ ಗಲಾಟೆಯಾಗಿ, ಅದರ ಮಾಲೀಕರ ಬಂಧನದವರೆಗೂ ಹೋದದ್ದನ್ನು ಇಲ್ಲಿನವರು ಮರೆತಿಲ್ಲ.

‘ಒಳಗಿನದ್ದು ಯಾರಿಗೆ ಕಾಣ್ತದೆ?’ ಎನ್ನುವವರ ವಾದದಲ್ಲಿ ಅರ್ಧ ಸತ್ಯವಿದೆ. ಹೊಗೆ ತಪಾಸಣೆ ನಡೆಯುವುದು ಗಾಡಿ ನಿಂತಲ್ಲೇ, ಎಂಜಿನ್ನಿಗೆ ಭಾರ ಬೀಳದಾಗ. ಆಗ ಸೂಪರ್‌ಚಾರ್ಜರ್‌ನ ಬೈಪಾಸ್ ವಾಲ್ವ್ ತೆರೆದಿರುವುದರಿಂದ ಸಣ್ಣ ಪುಲ್ಲಿಯ ಕೆಲಸ ಹೊರಗೆ ಕಾಣುವುದಿಲ್ಲ. ಸರ್ಟಿಫಿಕೇಟು ಸಿಗಬಹುದು. ಆದರೆ ಅಪಘಾತವಾದರೆ ವಿಮಾ ಕಂಪನಿಯ ಸರ್ವೇಯರ್ ಬಾನೆಟ್ ಎತ್ತುತ್ತಾರೆ. ಪಾಲಿಸಿ ಮಾಡುವಾಗ ಹೇಳದ ಬದಲಾವಣೆ ಕ್ಲೇಮಿನ ಹೊತ್ತಿಗೆ ತಕರಾರಿಗೆ ದಾರಿ ಮಾಡಿಕೊಡುತ್ತದೆ.

ಗಡಿಯವರಿಗೆ ಇನ್ನೊಂದು ಗಂಟು

ಮಂಜೇಶ್ವರ, ಕುಂಬಳೆ ಕಡೆಯ ಎಷ್ಟೋ ಮನೆಗಳಲ್ಲಿ ಮಂಗಳೂರಿನ ಕೆಎ-19 ನಂಬರಿನ ಗಾಡಿಗಳಿವೆ. ಬೇರೆ ರಾಜ್ಯದಲ್ಲಿ ನೋಂದಣಿಯಾದ ವಾಹನ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಉಳಿದರೆ ಕೇರಳದ ನಂಬರು ಪಡೆಯಬೇಕು ಎನ್ನುತ್ತದೆ 47ನೇ ಕಲಮು. ನಿರಾಕ್ಷೇಪಣಾ ಪತ್ರ ತಂದು ಕೆಎಲ್-14ಕ್ಕೆ ಬದಲಾಯಿಸುವ ದಿನ ಇನ್ಸ್‌ಪೆಕ್ಟರ್ ಗಾಡಿ ನೋಡುತ್ತಾರೆ. ತಲಪಾಡಿಯ ಆಚೆ ಯಾರೂ ಕೇಳದೆ ಬಿಟ್ಟ ಬದಲಾವಣೆ ಈಚೆ ಆ ದಿನ ಎದ್ದು ಬರಬಹುದು. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗಂತೂ ಹಿಂದಿನ ಮಾಲೀಕ ಏನು ಮಾಡಿಸಿದ್ದಾನೆಂಬುದೇ ಗೊತ್ತಿರುವುದಿಲ್ಲ. ದಂಡ ಕಟ್ಟುವವರು ಮಾತ್ರ ಈಗಿನ ಮಾಲೀಕರು.

ಗಲ್ಫ್‌ನಲ್ಲಿ ಎಲ್ಲ ನಡೆಯುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. ಅನುಮತಿಯಿಲ್ಲದೆ ಎಂಜಿನ್ ಅಥವಾ ಚಾಸಿ ಬದಲಿಸಿದರೆ 1,000 ದಿರ್ಹಂ ದಂಡ, 30 ದಿನ ಗಾಡಿ ಜಪ್ತಿ ಎಂದು ಯುಎಇಯ 2017ರ ನಿಯಮದಲ್ಲೇ ಇತ್ತು.

ವೇಗದ ಆಸೆ ತಪ್ಪೆಂದು ಯಾರೂ ಹೇಳುವುದಿಲ್ಲ. ಅದಕ್ಕೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕುಗಳಿವೆ. ರಸ್ತೆಯಲ್ಲೇ ಓಡುವ ಗಾಡಿಯಾದರೆ ಮೊದಲು ಆರ್‌ಟಿಒಗೆ ಬರಹದಲ್ಲಿ ಕೇಳಿ ಉತ್ತರ ಪಡೆಯುವುದು, ವಿಮಾ ಕಂಪನಿಗೆ ಪತ್ರ ಕೊಟ್ಟು ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ಕಾರು ಕೊಳ್ಳುವವರು ತಿಳಿದ ಮೆಕ್ಯಾನಿಕ್‌ನಿಂದ ಬಾನೆಟ್ ಎತ್ತಿಸಿ ನೋಡಬೇಕು. ಪುಲ್ಲಿ ಈಗಾಗಲೇ ಬದಲಿಸಿದವರು ಹಳೆಯದನ್ನು ಗುಜರಿಗೆ ಹಾಕಬಾರದು. ನಂಬರು ಬದಲಿಸುವ ದಿನ ಅದೇ ಬೇಕಾದೀತು.