ರೆಕ್ಕೆ ಬಡಿಯದ ಹಾರಾಟ

ಬೇಸಗೆಯ ಮಧ್ಯಾಹ್ನದಲ್ಲಿ ನಮ್ಮ ಕೆರೂರಿನ ಬಯಲಲ್ಲಿ ನಿಂತು ತಲೆಯೆತ್ತಿದವರಿಗೆ, ರೆಕ್ಕೆ ಬಡಿಯದೆಯೇ ಸುತ್ತುಸುತ್ತಾಗಿ ಮೇಲೇರುವ ಹದ್ದು ಕಾಣದೆ ಇರದು. ಬಿಸಿಲಿಗೆ ಕಾದ ನೆಲದ ಮೇಲಿನ ಗಾಳಿಯು ಹಗುರಾಗಿ ಮೇಲಕ್ಕೇಳುವದು. ಬಾದಾಮಿಯ ಬಂಡೆಗಳಂಥ ಕಡಿದಾದ ಗುಡ್ಡಕ್ಕೆ ಬಡಿದ ಗಾಳಿಯೂ ಮೇಲಕ್ಕೇ ತಿರುಗುವದು. ಹದ್ದು ಈ ಎರಡನ್ನೂ ಬಲ್ಲದು. ಇದೇ ಮರ್ಮವನ್ನರಿತು ಎಂಜಿನ್ನಿಲ್ಲದ ವಿಮಾನವನ್ನು ನಡೆಯಿಸುವ ಆಟಕ್ಕೆ ಗ್ಲೈಡಿಂಗ್ ಎಂದು ಹೆಸರು.

ಇದು ನಮಗೆ ತೀರ ಪರಕೀಯವೆಂದು ವಾಚಕರು ಭಾವಿಸಬಾರದು. 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದುಸ್ಥಾನ ವಿಮಾನ ಕಾರ್ಖಾನೆಯು ಮಹಾಯುದ್ಧದ ದಿನಗಳಲ್ಲಿ ತಾನೇ ರೂಪಿಸಿ ಕಟ್ಟಿದ ಮೊದಲ ವಿಮಾನವು ಹತ್ತು ಜನ ಕೂಡ್ರಬಹುದಾದ ಗ್ಲೈಡರೇ ಆಗಿತ್ತು. ಅದನ್ನು ರೂಪಿಸಿದವರು ಜರ್ಮನಿಯಲ್ಲಿ ಪ್ರಾಂಡ್ಟಲ್ ಪಂಡಿತರ ಬಳಿ ವ್ಯಾಸಂಗ ಮಾಡಿ ಬಂದ ಡಾಕ್ಟರ ವಿ. ಎಂ. ಘಾಟಗೆಯವರು. ಹೀಗಿದ್ದರೂ ನಮ್ಮ ಹುಡುಗರಲ್ಲಿ ಈ ಆಟದ ಹೆಸರು ಕೇಳಿದವರೇ ವಿರಳ.

ಜರ್ಮನಿಯಲ್ಲಿ ಈ ಆಟಕ್ಕೆ ತರುಣರು ಬಂದ ಬಗೆ ವಿಚಾರಾರ್ಹವಾದುದು. 1919ರ ಒಪ್ಪಂದವು ಎಂಜಿನ್ನಿನ ವಿಮಾನಗಳಿಗೆ ನಿರ್ಬಂಧ ಹಾಕಲು, ವಿದ್ಯಾರ್ಥಿಗಳು 1920ರಿಂದ ವಾಸ್ಸರ್‌ಕುಪ್ಪೆ ಎಂಬ ಗುಡ್ಡದ ಮೇಲೆ ನೆರೆದು ತಾವೇ ಕಟ್ಟಿದ ಗ್ಲೈಡರುಗಳನ್ನು ಹಾರಿಸತೊಡಗಿದರು. ಒಬ್ಬನು ಹಾರಬೇಕಾದರೆ ಹಲವರು ರಬ್ಬರಿನ ಹಗ್ಗವನ್ನು ಹಿಡಿದು ಎಳೆಯಬೇಕು. ಇನ್ನೊಬ್ಬರ ಹಗ್ಗವೆಳೆಯುತ್ತ ಬಂದ ಹೊಸಬನಿಗೂ ಸರದಿ ಬರುತ್ತಿತ್ತು. ಹೊಸಬರನ್ನು ಕೂಡಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾವು ಕಾಣೆವು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ನಾವು ಸಂಸ್ಕೃತದ ತರಗತಿಯಲ್ಲಿ ಕರ್ಣಪರ್ವದ ಹಂಸಕಾಕೀಯವನ್ನು ಹೇಳುತ್ತಿರಲು, ಕಾಗದದ ವಿಮಾನವೊಂದು ಹಿಂದಿನ ಸಾಲಿನಿಂದ ನೆಟ್ಟಗೆ ತೇಲಿ ಬಂದು ನಮ್ಮ ಮೇಜಿನ ಮೇಲಿಳಿಯಿತು. ಮಾಡಿದವನ ಅಂಗೈಗೆ ಎರಡು ಛಡಿಯೇಟು ಕೊಟ್ಟೆವು. ಅದರ ಮೂತಿಯನ್ನು ಅವನು ಎರಡು ಸಲ ಮಡಿಚಿದ್ದನು. ಮುಂಭಾಗಕ್ಕೆ ಭಾರ ಬೇಕೆಂಬುದು ಅವನಿಗೆ ಹೇಗೆ ಹೊಳೆಯಿತೆಂದು ನಾವು ಕೇಳಲೇ ಇಲ್ಲ. ಅವನು ಮತ್ತೆಂದೂ ತರಗತಿಯಲ್ಲಿ ಏನನ್ನೂ ಹಾರಿಸಲಿಲ್ಲ. ಏನನ್ನೂ ಕೇಳಲೂ ಇಲ್ಲ.

ತಾಯಿತಂದೆಗಳ ಭಯವು ನಿರಾಧಾರವಲ್ಲ. ಈ ವಿದ್ಯೆಯ ಆದ್ಯನಾದ ಲಿಲಿಯೆಂಥಾಲನೇ 1896ರಲ್ಲಿ ಬಿದ್ದು ಮಡಿದನು. ಆದುದರಿಂದಲೇ ಈಗ ಶಿಷ್ಯನು ಮೊದಲು ಗುರುವಿನೊಡನೆ ಜೋಡಿ ಆಸನದ ಗ್ಲೈಡರಿನಲ್ಲಿ ಕಲಿಯುವನು. ನೂರೊಂದು ಬಗೆಯ ಹಾರಾಟ ಬಲ್ಲೆನೆಂದು ಜಂಬ ಕೊಚ್ಚಿದ ಕಾಗೆಯು ಸಮುದ್ರದ ಪಾಲಾಗುವದರಲ್ಲಿತ್ತು. ಒಂದನ್ನೇ ಚೆನ್ನಾಗಿ ಬಲ್ಲ ಹಂಸವು ಅದನ್ನು ಉಳಿಸಿತು. ಆ ಕಥೆಯ ತಾತ್ಪರ್ಯವನ್ನು ನಾವು ವರ್ಷವರ್ಷವೂ ಬಾಯಿಪಾಠ ಮಾಡಿಸಿದೆವು.

ಊರೂರಿಗೆ ಗ್ಲೈಡರು ಬರಲಾರದು, ನಿಜ. ಆದರೆ ಹದ್ದು ಇದೆ, ಹಳೆಯ ಕಾಗದವಿದೆ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಅಂಗಳದಲ್ಲಿ ಕಾಗದವನ್ನು ಹಾರಿಸಿದರೆ, ದಯಮಾಡಿ ಬೈಯುವ ಮೊದಲು ಅದು ಏಕೆ ಹಾರಿತೆಂದು ಕೇಳಿರಿ.