ರಾತ್ರಿಗಾಳಕ್ಕೂ ಒಂದು ಲೆಕ್ಕವಿರಲಿ

ಮಲೆನಾಡಿನ ಹೊಳೆದಂಡೆಯ ಊರುಗಳಲ್ಲಿ ಹೊತ್ತು ಕಂತುವ ವೇಳೆಗೆ ಗಾಳ ಹಿಡಿದು ನೀರಿನತ್ತ ಇಳಿಯುವವರು ಇಂದಿಗೂ ಇದ್ದಾರೆ. ಗಟ್ಟಿಯಾದ ದಾರ, ತುದಿಗೊಂದು ದಪ್ಪ ಕೊಕ್ಕೆ, ಕೊಕ್ಕೆಗೆ ಎರೆಹುಳುವೋ ಕೋಳಿಯ ಕರುಳೋ ಸಣ್ಣ ಮೀನೋ, ತಳದಲ್ಲಿ ಕೂರಲು ಭಾರಕ್ಕೊಂದು ಕಲ್ಲು. ದಾರದ ಇನ್ನೊಂದು ತುದಿಯನ್ನು ಹೊಳೆಮತ್ತಿಯ ಬೇರಿಗೆ ಬಿಗಿದು ಅವರು ಮನೆಗೆ ಮರಳುತ್ತಾರೆ. ಕಾಯುವ ಕೆಲಸವಿಲ್ಲ. ಬೆಳಗಿನ ಜಾವ ಮಂಜಿನಲ್ಲಿ ಬಂದು ದಾರವನ್ನು ಮುಟ್ಟಿ ನೋಡಿದರೆ ಸಾಕು, ಮೀನು ಸಿಕ್ಕಿದೆಯೋ ಇಲ್ಲವೋ ಬೆರಳಿಗೇ ತಿಳಿಯುತ್ತದೆ. ಬಡವನ ಮನೆಗೆ ಇದು ಖರ್ಚಿಲ್ಲದ ಸಾರು. ಹುಡುಗರಿಗೆ ಹೊಳೆಯ ಮೊದಲ ಪಾಠ.

ಈ ಗಾಳ ಕಾಯುವುದು ಮುಖ್ಯವಾಗಿ ಮೀಸೆಯ ಮೀನುಗಳಿಗಾಗಿ. ಬಾಳೆ, ಗಿರ್ಲು, ಮುರಗೋಡು, ಚೇಳುಮೀನುಗಳೆಲ್ಲ ಈ ಗುಂಪಿನವು. ಇವುಗಳ ಮೈಮೇಲೆ ಹುರುಪೆಯಿಲ್ಲ. ಹಗಲಿನಲ್ಲಿ ಬಂಡೆಯ ಸಂದು, ಬೇರಿನ ಪೊಟರೆ, ಮಡುವಿನ ಕತ್ತಲೆಗಳಲ್ಲಿ ಅಡಗಿದ್ದು ಇರುಳಿನಲ್ಲಿ ಮೇಯಲು ಹೊರಡುತ್ತವೆ. ಕೆಸರುನೀರಿನಲ್ಲಿ ಕಣ್ಣು ನಡೆಯದಿದ್ದರೂ ಮೀಸೆಯ ತುಂಬ ಇರುವ ರುಚಿಗ್ರಂಥಿಗಳು ಆಹಾರವನ್ನು ಪತ್ತೆ ಮಾಡುತ್ತವೆ. ಬೇಟೆಯ ದೇಹದಿಂದ ಹೊಮ್ಮುವ ಅತಿ ಸೂಕ್ಷ್ಮ ವಿದ್ಯುತ್ತನ್ನು ಸಹ ಇವು ಗ್ರಹಿಸಬಲ್ಲವು. ಹಾಗಾಗಿ ಇವುಗಳನ್ನು ಹಿಡಿಯಲು ಇರುಳೇ ಸರಿಯಾದ ಹೊತ್ತು, ತಳವೇ ಸರಿಯಾದ ಜಾಗ. ರಾತ್ರಿಗಾಳವನ್ನು ಮೊದಲು ಕಟ್ಟಿದವನು ಹೊಳೆಯನ್ನು ಚೆನ್ನಾಗಿ ಬಲ್ಲವನಾಗಿದ್ದನೆಂಬುದರಲ್ಲಿ ಸಂಶಯವಿಲ್ಲ.

ಈ ರಾತ್ರಿಗಾಳದ ಬಗ್ಗೆ ಇಂದು ಎರಡು ಬಗೆಯ ಮಾತು ಕೇಳಿಬರುತ್ತಿದೆ. ಹೊಳೆಯಲ್ಲಿ ಮೀನು ಕಡಿಮೆಯಾಗಿದೆ, ಆದ್ದರಿಂದ ಗಾಳವೂ ಸೇರಿದಂತೆ ಎಲ್ಲವನ್ನೂ ನಿಷೇಧಿಸಬೇಕೆಂಬುದು ಪರಿಸರದ ಕಾಳಜಿಯುಳ್ಳ ಹಲವು ವಿದ್ಯಾರ್ಥಿಗಳ ವಾದ. ಅಜ್ಜನ ಕಾಲದಿಂದ ಹಾಕಿದ ಗಾಳದಿಂದ ಹೊಳೆ ಬರಿದಾಗಲಿಲ್ಲ, ಈಗೇಕೆ ಈ ಗದ್ದಲ ಎಂಬುದು ಊರಿನ ಹಿರಿಯರ ವಾದ. ಎರಡರಲ್ಲೂ ಸತ್ಯದ ಒಂದೊಂದು ತುಣುಕಿದೆ, ಎರಡೂ ಪೂರ್ಣ ಸತ್ಯವಲ್ಲ.

ಮೊದಲು ಗಾಳದ ಪರವಾದ ಮಾತನ್ನು ಹೇಳಬೇಕು. ಗಾಳಕ್ಕೆ ಒಂದು ಕೊಕ್ಕೆ, ಕೊಕ್ಕೆಗೆ ಒಂದು ಮೀನು. ಸಿಡಿಮದ್ದು ಹಾಗಲ್ಲ. ಅದು ಮಡುವಿನಲ್ಲಿರುವ ಮೀನನ್ನೂ ಮರಿಯನ್ನೂ ಏಡಿಯನ್ನೂ ಒಂದೇ ಏಟಿಗೆ ಕೊಲ್ಲುತ್ತದೆ. ಸತ್ತವುಗಳಲ್ಲಿ ಹಲವು ತೇಲಿ ಬರದೆ ತಳದಲ್ಲಿಯೇ ಕೊಳೆಯುತ್ತವೆ. ವಿಷವಂತೂ ಹರಿವಿನುದ್ದಕ್ಕೂ ಸಾವನ್ನು ಹೊತ್ತು ಸಾಗುತ್ತದೆ. ಸಿಡಿಮದ್ದು ಮತ್ತು ವಿಷದ ಬಳಕೆಯನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದು ಸಾರಿತ್ತು. ಆದರೂ ಅದು ನಿಂತಿಲ್ಲ. ಕಪಿಲಾ ಹೊಳೆಯ ದಡದ ಶಿಶಿಲದಲ್ಲಿ ದೇವರ ಮೀನುಗಳೆಂದು ಭಕ್ತರು ಪೊರೆದಿದ್ದ ಮೀನುಗಳು 1996ರಲ್ಲಿ ದುಷ್ಕರ್ಮಿಗಳ ವಿಷಕ್ಕೆ ಸಾವಿರಗಟ್ಟಲೆ ಬಲಿಯಾದವು. ಆ ಮೀನುಗಳ ನೆನಪಿಗೆ ಅಲ್ಲೊಂದು ಸ್ಮಾರಕವೇ ಇದೆ. ಇಂತಹ ಕೃತ್ಯವನ್ನೂ ಬೇರಿಗೆ ಕಟ್ಟಿದ ಒಂದು ಗಾಳವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಹಾಗೆಂದು ಗಾಳ ನಿರ್ದೋಷಿಯೆಂದೂ ಹೇಳಲಾಗದು. ಅಜ್ಜನ ಗಾಳ ಬೇರೆ, ಇಂದಿನ ಗಾಳ ಬೇರೆ. ಹತ್ತಿಯ ಹುರಿ ಹರಿದು ಹೋದರೆ ಕೆಲ ಕಾಲದಲ್ಲಿ ಕೊಳೆತು ಮಣ್ಣಾಗುತ್ತಿತ್ತು. ನೈಲಾನ್ ದಾರ ವರ್ಷಗಟ್ಟಲೆ ಬಂಡೆಯ ಸಂದಿನಲ್ಲಿ ಉಳಿದು, ಹಾಕಿದವನು ಮರೆತ ಮೇಲೂ ಜೀವಗಳನ್ನು ಸಿಕ್ಕಿಸುತ್ತಿರುತ್ತದೆ. ಹಿಂದೆ ಮನೆಗೆ ಎರಡೋ ಮೂರೋ ಗಾಳವಿದ್ದಲ್ಲಿ ಈಗ ಒಂದೇ ಹಗ್ಗಕ್ಕೆ ಹತ್ತಾರು ಕೊಕ್ಕೆಗಳನ್ನು ತೂಗಿಬಿಟ್ಟು ಹೊಳೆಯ ಈ ದಡದಿಂದ ಆ ದಡಕ್ಕೆ ಎಳೆಯುವುದುಂಟು. ಪೇಟೆಯಿಂದ ಗಾಡಿಯಲ್ಲಿ ಬಂದು, ಹೋಟೆಲುಗಳಿಗಾಗಿ ಹಿಡಿದು, ಮಂಜುಗಡ್ಡೆಯ ಪೆಟ್ಟಿಗೆ ತುಂಬಿಕೊಂಡು ಹೋಗುವವನಿಗೆ ಈ ಹೊಳೆ ನಾಳೆ ಹೇಗಿರುತ್ತದೆಂಬ ಚಿಂತೆಯಿಲ್ಲ.

ಕಾವಲಿಲ್ಲದ ಕೊಕ್ಕೆಗೆ ಮೀನು ಯಾವುದು, ಬೇರೆ ಪ್ರಾಣಿ ಯಾವುದು ಎಂಬ ವಿವೇಚನೆಯಿಲ್ಲ. ಮಾಂಸದ ಎರೆಗೆ ಆಮೆಯೂ ಬಾಯಿ ಹಾಕುತ್ತದೆ. ಆಮೆ ಉಸಿರಾಡಲು ನೀರಿನ ಮೇಲಕ್ಕೆ ಬರಲೇಬೇಕು. ದಾರ ಗಿಡ್ಡವಾಗಿದ್ದರೆ ಬೆಳಗಾಗುವುದರೊಳಗೆ ಅದು ಮುಳುಗಿ ಸಾಯುತ್ತದೆ. ದಕ್ಷಿಣ ಭಾರತದ ನದಿಗಳಲ್ಲಿ ಬದುಕುವ ಲೀತನ ಮೃದುಚಿಪ್ಪಿನ ಆಮೆ ಅಳಿವಿನ ಅಂಚಿಗೆ ಬಂದಿರುವ ಜೀವಿ. ನೀರುನಾಯಿಯೂ ಅಷ್ಟೆ. ತುಂಗಭದ್ರೆಯ ಕೆಳಹರಿವಿನಲ್ಲಿ ನೀರುನಾಯಿಗಳಿಗೆಂದೇ 2015ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೊಂದು ಘೋಷಿತವಾಯಿತು. ಅದೇ ನದಿಯ ಮೇಲ್ಹರಿವಿನಲ್ಲಿ, ತುಂಗೆ ಭದ್ರೆಯರ ದಡದಲ್ಲಿ, ಅದೇ ನೀರುನಾಯಿ ಗಾಳದ ಮೀನನ್ನು ಕಸಿಯಲು ಬಂದು ದಾರಕ್ಕೆ ಸಿಕ್ಕಿ ಸತ್ತರೆ ಕೇಳುವವರಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಕಾಲದ್ದು. ಮುಂಗಾರಿನ ಮೊದಲ ಕೆಂಪುನೀರು ಹೊಳೆಗೆ ಇಳಿಯುತ್ತಲೇ ಮೀನುಗಳು ಹರಿವಿಗೆ ಎದುರಾಗಿ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತವೆ. ಹತ್ತುಮೀನಿನ ಸಂಭ್ರಮ ಮಲೆನಾಡಿನ ಪ್ರತಿ ಮನೆಗೂ ಗೊತ್ತು. ಆದರೆ ಹತ್ತುವ ಮೀನು ಹೊರಟಿರುವುದು ಮೊಟ್ಟೆಯಿಡಲು. ಬಾಳೆಮೀನು ಮಳೆನೀರು ತುಂಬಿದ ಆಳವಿಲ್ಲದ ತಗ್ಗುಗಳನ್ನು ಅರಸಿ ಬರುತ್ತದೆ; ದೊಡ್ಡ ಹೆಣ್ಣುಮೀನಿನ ಹೊಟ್ಟೆಯಲ್ಲಿ ಲಕ್ಷಕ್ಕೂ ಮೀರಿದ ಮೊಟ್ಟೆಗಳಿರಬಹುದು. ಹಳ್ಳ ಹೊಳೆಗೆ ಸೇರುವ ಬಾಯಿಯಲ್ಲಿ ಆ ದಿನಗಳಲ್ಲಿ ಕಟ್ಟಿದ ಗಾಳ ಒಂದು ಮೀನನ್ನಲ್ಲ, ಒಂದು ಪೀಳಿಗೆಯನ್ನು ಎತ್ತುತ್ತದೆ. ಒಂದು ಮೀಟರಿಗೂ ಮೀರಿ ಬೆಳೆಯುವ ಈ ಬಾಳೆಮೀನನ್ನು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿ ಈಗ ಅಪಾಯಕ್ಕೀಡಾಗಬಲ್ಲ ಮೀನುಗಳ ಸಾಲಿಗೆ ಸೇರಿಸಿದೆ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಮೀನು ಹಿಡಿಯಬಾರದೆಂದು ಮಲೆನಾಡಿನಲ್ಲಿ ಸರ್ಕಾರಿ ಆದೇಶಗಳು ಹೊರಡುವುದು ಈ ಕಾರಣದಿಂದಲೇ. ರೈತನ ಪಂಚಾಂಗದಲ್ಲಿ ಹೇಳುವುದಾದರೆ ಮೃಗಶಿರೆಯಿಂದ ಪುಷ್ಯ ಮಳೆಯ ಕೊನೆಯವರೆಗೆ ಹೊಳೆ ಬಾಣಂತಿ.

ಮೀನು ಕಡಿಮೆಯಾದುದಕ್ಕೆ ಗಾಳವೇ ಕಾರಣವೆನ್ನುವುದು ಮಾತ್ರ ದೊಡ್ಡ ಅಪರಾಧಿಗಳನ್ನು ಬಿಟ್ಟುಕೊಟ್ಟಂತೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ, ಭದ್ರೆಗೆ ಲಕ್ಕವಳ್ಳಿಯಲ್ಲಿ, ತುಂಗೆಗೆ ಗಾಜನೂರಿನಲ್ಲಿ ಕಟ್ಟಿದ ಗೋಡೆಗಳನ್ನು ಹತ್ತಬಲ್ಲ ಮೀನಿಲ್ಲ. ಮರಳು ತೆಗೆದ ಹೊಳೆಗೆ ಮೀನು ಮೊಟ್ಟೆಯಿಡುವ ತಳವೇ ಇಲ್ಲ. ಕಾಫಿ ಪಲ್ಪಿಂಗ್‌ನ ಕೊಳೆನೀರು ಹಳ್ಳಕ್ಕೆ ಬಿದ್ದ ದಿನ ನೀರಿನೊಳಗಿನ ಆಮ್ಲಜನಕ ಬರಿದಾಗುತ್ತದೆ. ಪಶ್ಚಿಮಘಟ್ಟದ ಸಿಹಿನೀರಿನ ಜೀವಿಗಳ ಕುರಿತು 2011ರಲ್ಲಿ ಇದೇ ಒಕ್ಕೂಟ ಪ್ರಕಟಿಸಿದ ವರದಿ, ಪರಿಶೀಲಿಸಿದ ಮೀನಿನ ಪ್ರಭೇದಗಳಲ್ಲಿ ಮೂರನೆಯ ಒಂದಕ್ಕೂ ಹೆಚ್ಚು ಪಾಲು ಅಪಾಯದಲ್ಲಿದೆ ಎಂದಿತು. ಇಷ್ಟು ಪೆಟ್ಟು ತಿಂದ ಹೊಳೆಗೆ ಸಣ್ಣ ಪೆಟ್ಟೂ ಸಣ್ಣದಲ್ಲ. ಅಣೆಕಟ್ಟನ್ನು ಊರಿನವರು ಒಂದು ದಿನದಲ್ಲಿ ಸರಿಸಲಾರರು. ತಮ್ಮ ಗಾಳವನ್ನು ಸರಿಪಡಿಸಬಲ್ಲರು.

ಇನ್ನೊಂದು ವಿಚಾರವನ್ನೂ ಮರೆಯಬಾರದು. ಸಾಕಣೆಗೆಂದು ಕದ್ದು ತಂದ ಆಫ್ರಿಕನ್ ಕ್ಯಾಟ್‌ಫಿಶ್ ಕೆರೆಕೊಳಗಳಿಂದ ತಪ್ಪಿಸಿಕೊಂಡು ಹೊಳೆಗಳನ್ನು ಸೇರಿದೆ. ಇದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಅದನ್ನು ಎತ್ತಿಹಿಡಿಯಿತು. ಸಿಕ್ಕಿದ್ದನ್ನೆಲ್ಲ ನುಂಗುವ ಈ ಮೀನು ನಾಡಿನ ಮೀನುಗಳಿಗೆ ಕಂಟಕ. ಅಗಲವಾದ ಚಪ್ಪಟೆ ತಲೆ, ಎಂಟು ಮೀಸೆ, ಬೆನ್ನಿನುದ್ದಕ್ಕೂ ಬಾಲದವರೆಗೆ ಚಾಚಿದ ಈಜುರೆಕ್ಕೆ ಇದರ ಗುರುತು. ಮುರಗೋಡು ನೋಡಲು ಇದರಂತೆಯೇ ಇದ್ದರೂ ಅಷ್ಟು ದೊಡ್ಡದಾಗುವುದಿಲ್ಲ. ಬಾಳೆಮೀನಿನ ಬೆನ್ನಿನ ರೆಕ್ಕೆಯಾದರೋ ತೀರ ಚಿಕ್ಕದು. ಕ್ಯಾಟ್‌ಫಿಶ್ ಗಾಳಕ್ಕೆ ಸಿಕ್ಕರೆ ಅದನ್ನು ಮರಳಿ ನೀರಿಗೆ ಬಿಡುವುದೇ ತಪ್ಪು. ಇಲ್ಲಿ ಗಾಳ ಹೊಳೆಯ ಸೇವೆಯನ್ನೇ ಮಾಡುತ್ತದೆ.

ಪೂರ್ಣ ನಿಷೇಧದ ವಾದ ಸೋಲುವುದು ಈ ಹಂತದಲ್ಲಿ. ಸಂಜೆಗೊಮ್ಮೆ, ಬೆಳಗಿನ ಜಾವಕ್ಕೊಮ್ಮೆ ಹೊಳೆಗೆ ಹೋಗುವ ಮನುಷ್ಯ ಊರಿನಲ್ಲಿ ಇನ್ನಾರಿದ್ದಾರೆ? ನೀರಿನ ಬಣ್ಣ ಬದಲಾದುದನ್ನು, ಮರಳು ಲಾರಿಯ ಚಕ್ರದ ಗುರುತನ್ನು, ಮಡುವಿನಲ್ಲಿ ಸಿಡಿಮದ್ದಿನ ವಾಸನೆಯನ್ನು ಮೊದಲು ಅರಿಯುವವನು ಗಾಳದವನೇ. ಅವನನ್ನು ಕಳ್ಳನೆಂದು ಕರೆದು ಹೊಳೆಯಿಂದ ಓಡಿಸಿದರೆ ಹೊಳೆಗೆ ಶಾಂತಿ ಸಿಗುವುದಿಲ್ಲ, ಕಾವಲು ತಪ್ಪುತ್ತದೆ. ಕಾವಲಿಲ್ಲದ ಹೊಳೆ ಸಿಡಿಮದ್ದಿನವರ ಪಾಲು.

ಆದ್ದರಿಂದ ಬೇಕಾಗಿರುವುದು ಊರೇ ಕುಳಿತು ಮಾಡಿಕೊಂಡ ಕಟ್ಟಳೆ. ಮೃಗಶಿರೆಯಿಂದ ಪುಷ್ಯದವರೆಗೆ ಗಾಳ ಮನೆಯ ಅಟ್ಟದಲ್ಲಿರಲಿ. ಉಳಿದ ಕಾಲದಲ್ಲಿ ಒಬ್ಬ ಮನುಷ್ಯ ಸೂರ್ಯೋದಯಕ್ಕೆ ಮುನ್ನ ಎತ್ತಿ ನೋಡಬಲ್ಲಷ್ಟೇ ಗಾಳಗಳಿರಲಿ. ಹಗಲಿನಲ್ಲಿ ಒಂದೂ ನೀರಿನಲ್ಲಿ ಉಳಿಯದಿರಲಿ. ದಡದಿಂದ ದಡಕ್ಕೆ ಎಳೆಯುವ ಹಗ್ಗ ನಿಲ್ಲಲಿ. ಕೊಕ್ಕೆ ದೊಡ್ಡದಾಗಿದ್ದರೆ ಮರಿಮೀನು ಉಳಿಯುತ್ತದೆ. ತುದಿ ಒಳಕ್ಕೆ ಬಾಗಿದ ದುಂಡು ಕೊಕ್ಕೆಯಾದರೆ ಹೆಚ್ಚಾಗಿ ಬಾಯಿಯ ಅಂಚಿಗೆ ಮಾತ್ರ ಸಿಕ್ಕುವುದರಿಂದ ಬೇಡದ ಜೀವವನ್ನು ಬದುಕಿರುವಾಗಲೇ ಬಿಡಬಹುದು. ಸಿಕ್ಕಿದ ಆಮೆ ಮೇಲೆ ಬಂದು ಉಸಿರಾಡುವಷ್ಟು ದಾರ ಉದ್ದವಿರಲಿ. ನೀರುನಾಯಿಯ ಹಿಕ್ಕೆ ಬಿದ್ದಿರುವ ಬಂಡೆಯ ಬಳಿ ಯಾರೂ ಗಾಳ ಕಟ್ಟದಿರಲಿ. ಅಭಯಾರಣ್ಯದೊಳಗಿನ ಹೊಳೆಗೆ ಈ ವಿನಾಯಿತಿಯಿಲ್ಲ. ಅಲ್ಲಿ ಕಾನೂನು ಸ್ಪಷ್ಟವಾಗಿದೆ. ಶೃಂಗೇರಿ, ಶಿಶಿಲ, ಚಿಪ್ಪಲಗುಡ್ಡೆಯಂತಹ ಮತ್ಸ್ಯಧಾಮಗಳಿಗೂ ಗಾಳ ಸಲ್ಲದು.

ಇದನ್ನು ಜಾರಿಗೆ ತರಲು ಹೊಸ ಕಚೇರಿ ಬೇಕಿಲ್ಲ. 2002ರ ಜೀವವೈವಿಧ್ಯ ಕಾಯಿದೆಯಂತೆ ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಅವಕಾಶವಿದೆ. ಅನೇಕ ಕಡೆ ಅದು ಕಾಗದದಲ್ಲಿ ಮಾತ್ರ ಉಳಿದಿದೆ. ಆ ಸಮಿತಿಯಲ್ಲಿ ಗಾಳದವರಿಗೂ ಒಂದು ಸ್ಥಾನ ದೊರೆಯಬೇಕು. ಯಾವ ಮಡುವಿನಲ್ಲಿ ಯಾವ ಮೀನಿತ್ತು, ಎಂದಿನಿಂದ ಕಾಣೆಯಾಯಿತು ಎಂಬುದನ್ನು ಅವರ ಬಾಯಿಂದ ಕೇಳಿ ದಾಖಲಿಸುವ ಕೆಲಸವನ್ನು ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಕೈಗೊಳ್ಳಬಹುದು. ನಿಷೇಧದ ಭಿತ್ತಿಪತ್ರ ಅಂಟಿಸುವುದಕ್ಕಿಂತ ಅದು ಕಷ್ಟದ ಕೆಲಸ, ಆದರೆ ಹೆಚ್ಚು ಫಲ ಕೊಡುವ ಕೆಲಸ.

ಹೊಳೆಗೆ ಸುರಿದರೂ ಅಳೆದು ಸುರಿಯಬೇಕೆಂದು ಹಿರಿಯರು ಹೇಳುತ್ತಿದ್ದರು. ಸುರಿಯುವುದಕ್ಕೇ ಅಳತೆ ಬೇಕೆಂದ ಮೇಲೆ ಹೊಳೆಯಿಂದ ಎತ್ತುವುದಕ್ಕೆ ಬೇಡವೇ? ಮುಂದಿನ ಮುಂಗಾರು ಬರುವ ಮೊದಲು ಪ್ರತಿ ಹೊಳೆದಂಡೆಯ ಊರೂ ಒಂದು ಸಂಜೆ ಕುಳಿತು ಆ ಅಳತೆಯನ್ನು ನಿಶ್ಚಯಿಸಿಕೊಳ್ಳಲಿ. ಬೇರಿಗೆ ಕಟ್ಟಿದ ದಾರವನ್ನು ಮೊಮ್ಮಗನೂ ಒಂದು ಬೆಳಗಿನ ಜಾವ ಮುಟ್ಟಿ ನೋಡಬೇಕಾದರೆ, ಇನ್ನೊಂದು ತುದಿಯಲ್ಲಿ ಮೀನು ಇರಬೇಕು.